ಡಿರೇಲರ್ ಕೊಳ್ಳುವ ಮೊದಲು ಹಲ್ಲು ಎಣಿಸಿ

ರೋಡ್ ಬೈಕಿನ, ಅಂದರೆ ರಸ್ತೆಯಲ್ಲಿ ಓಡಿಸುವ ಗೇರ್ ಸೈಕಲ್ಲಿನ, ಹಿಂದಿನ ಡಿರೇಲರ್ (ಚೈನನ್ನು ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸುವ ಭಾಗ) ಬದಲಿಸಬೇಕು, ಯಾವುದು ಒಳ್ಳೇದು ಅಂತ ಕೇಳಿಕೊಂಡು ಬರುವವರು ಬಹಳ. ಅವರನ್ನು ನಾನು ಮೂರು ವಿಷಯ ಕೇಳುತ್ತೇನೆ. ಪೆಡಲ್ ಹತ್ತಿರದ ಹಲ್ಲುಚಕ್ರಗಳಲ್ಲಿ, ಅಂದರೆ ಮುಂದಿನ ಚೈನ್‌ರಿಂಗ್‌ಗಳಲ್ಲಿ, ಎಷ್ಟೆಷ್ಟು ಹಲ್ಲಿದೆ? ಹಿಂದಿನ ಕ್ಯಾಸೆಟ್‌ನಲ್ಲಿ, ಅಂದರೆ ಹಿಂಚಕ್ರದ ಹಲ್ಲುಚಕ್ರಗಳ ಗೊಂಚಲಿನಲ್ಲಿ, ಎಷ್ಟಿಂದ ಎಷ್ಟರವರೆಗೆ? ಹ್ಯಾಂಡಲ್ ಮೇಲಿರುವ, ಗೇರ್ ಬದಲಿಸುವ ಶಿಫ್ಟರ್ ಯಾವ ಮಾಡೆಲ್? ಈ ಮೂರಕ್ಕೂ ಉತ್ತರ ಸಿಕ್ಕರೆ ಆಯ್ಕೆ ತಾನಾಗಿಯೇ ಆಗಿಹೋಗುತ್ತದೆ. ಬ್ರ್ಯಾಂಡ್‌ನಲ್ಲಿ ಯಾವುದು ಮೇಲು ಯಾವುದು ಕೆಳಗು ಅನ್ನುವುದೆಲ್ಲ ಆಮೇಲಿನ ಮಾತು.

ಬೆಂಗಳೂರಿನ ಸುತ್ತ ಓಡಿಸುವವರಿಗೆ ಈ ಯೋಚನೆ ಹುಟ್ಟುವುದು ಸಾಮಾನ್ಯವಾಗಿ ನಂದಿ ಬೆಟ್ಟದ ತಿರುವುಗಳಲ್ಲಿ. ಮುಂದೆ 34, ಹಿಂದೆ 28 ಹಲ್ಲು. ಅದಕ್ಕಿಂತ ಹಗುರವಾದ ಗೇರ್ ಇಲ್ಲ. ಈ ಗೇರ್‌ನಲ್ಲಿ ನಿಮಿಷಕ್ಕೆ 60 ಸುತ್ತು ಪೆಡಲ್ ತುಳಿಯಬೇಕಾದರೆ ಗಂಟೆಗೆ 9 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ ವೇಗ ಇರಲೇಬೇಕು. ಕಡಿದಾದ ಜಾಗದಲ್ಲಿ ಅಷ್ಟು ಬಲ ಎಲ್ಲರ ಕಾಲಿನಲ್ಲಿ ಇರುವುದಿಲ್ಲ. ಹಿಂದಿನ ದೊಡ್ಡ ಹಲ್ಲುಚಕ್ರ 34 ಆದರೆ ಅದೇ 60 ಸುತ್ತಿಗೆ ಏಳೂವರೆ ಕಿ.ಮೀ. ವೇಗ ಸಾಕು. ಮಂಡಿಗೆ ಇದು ದೊಡ್ಡ ವ್ಯತ್ಯಾಸ. ಹಾಗಾಗಿ 11-34 ಕ್ಯಾಸೆಟ್ ಹಾಕಿಸಿಕೊಳ್ಳಿ ಅಂತ ನಾನೇ ಎಷ್ಟೋ ಜನಕ್ಕೆ ಹೇಳುತ್ತೇನೆ. ಆದರೆ ಅದನ್ನು ನಿಮ್ಮ ಡಿರೇಲರ್ ತಡೆದುಕೊಳ್ಳುತ್ತದಾ ಅಂತ ಮೊದಲು ನೋಡಬೇಕು.

ನೋಡುವುದು ಸುಲಭ. ಮುಂದಿನ ದೊಡ್ಡ ರಿಂಗ್‌ನಿಂದ ಚಿಕ್ಕದನ್ನು ಕಳೆಯಿರಿ: 50ರಲ್ಲಿ 34 ಕಳೆದರೆ 16. ಹಿಂದಿನ ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ: 34ರಲ್ಲಿ 11 ಕಳೆದರೆ 23. ಎರಡೂ ಕೂಡಿದರೆ 39. ಡಿರೇಲರ್‌ನ ಕೇಜ್ (ಎರಡು ಪುಟ್ಟ ಚಕ್ರಗಳಿರುವ ಕೆಳಗಿನ ತೋಳು) ಎಳೆದು ಬಿಗಿಯಾಗಿ ಇಡಬೇಕಾದ ಚೈನ್‌ನ ಲೆಕ್ಕ ಇದು. ಇದಕ್ಕೆ ಕೆಪಾಸಿಟಿ ಅನ್ನುತ್ತಾರೆ. ಉದಾಹರಣೆಗೆ ಶಿಮಾನೊ ಕಂಪನಿಯ 105 ಆರ್7000 ಡಿರೇಲರ್ ತೆಗೆದುಕೊಳ್ಳಿ. ಇದರಲ್ಲಿ ಎರಡು ಬಗೆ. ಗಿಡ್ಡ ಕೇಜ್‌ನ ಎಸ್‌ಎಸ್‌ಗೆ ಕೆಪಾಸಿಟಿ 35, ಹಿಂದೆ ಅತಿ ದೊಡ್ಡದು 30 ಹಲ್ಲು. ಉದ್ದ ಕೇಜ್‌ನ ಜಿಎಸ್‌ಗೆ ಕೆಪಾಸಿಟಿ 39, ಹಿಂದೆ 34ರವರೆಗೆ. ಪೆಟ್ಟಿಗೆಯ ಮೇಲೆ ಎರಡಕ್ಕೂ 105 ಅಂತಲೇ ಇರುತ್ತದೆ. ಆ ಕೊನೆಯ ಎರಡು ಅಕ್ಷರ ನೋಡದೆ ತಂದರೆ ದುಡ್ಡು ದಂಡ.

ಸ್ವಲ್ಪ ಹೆಚ್ಚುಕಮ್ಮಿ ನಡೆಯುತ್ತದೆ, ಡಿರೇಲರನ್ನು ಕ್ಯಾಸೆಟ್‌ನಿಂದ ದೂರ ಸರಿಸುವ ಬಿ ಸ್ಕ್ರೂ ಪೂರ್ತಿ ತಿರುಗಿಸಿದರೆ ಆಯಿತು ಅಂತ ಹೇಳುವವರಿದ್ದಾರೆ. ಒಂದೆರಡು ಹಲ್ಲಿನ ಮಟ್ಟಿಗೆ ಎಷ್ಟೋ ಬೈಕ್‌ಗಳಲ್ಲಿ ನಡೆಯುವುದೂ ಹೌದು. ಆದರೆ ಕೆಪಾಸಿಟಿ ಮೀರಿದಾಗ ಚೈನ್ ಉದ್ದ ಇಟ್ಟರೆ ಚಿಕ್ಕ-ಚಿಕ್ಕ ಗೇರ್‌ನಲ್ಲಿ (ಮುಂದೆಯೂ ಹಿಂದೆಯೂ ಚಿಕ್ಕ ಹಲ್ಲುಚಕ್ರ) ಜೋತು ಬೀಳುತ್ತದೆ. ಗಿಡ್ಡ ಇಟ್ಟರೆ ದೊಡ್ಡ-ದೊಡ್ಡ ಗೇರ್‌ಗೆ ಹೋದಾಗ ಡಿರೇಲರ್ ಕಿತ್ತುಕೊಂಡು ಬರುತ್ತದೆ. ಜೋತು ಬಿದ್ದರೆ ಬರೀ ಸದ್ದು. ಕಿತ್ತುಕೊಂಡರೆ ಡಿರೇಲರನ್ನು ಫ್ರೇಮಿಗೆ ತೂಗುಹಾಕುವ ಹ್ಯಾಂಗರ್ ಮುರಿದು, ಚಕ್ರದ ಕಡ್ಡಿಗಳು ಹೋಗಿ, ಕೆಲವೊಮ್ಮೆ ಫ್ರೇಮಿಗೇ ಪೆಟ್ಟು. ಹಾಗಾಗಿ ದೊಡ್ಡ-ದೊಡ್ಡ ಗೇರ್‌ಗೆ ಚೈನ್ ಸಾಕಾಗುತ್ತದೆಯೇ ಅನ್ನುವುದರಲ್ಲಿ ನಾನು ರಾಜಿ ಆಗುವುದಿಲ್ಲ. 28ರಿಂದ 34ಕ್ಕೆ ಹೋಗುವವರು ಹಳೇ ಚೈನನ್ನೇ ಹಾಕಿಕೊಳ್ಳುವ ಯೋಚನೆ ಬಿಡಿ. ಅದು ಗಿಡ್ಡ ಆಗುತ್ತದೆ.

ಇನ್ನು ಶಿಫ್ಟರ್ ಜೊತೆಗಿನ ಹೊಂದಾಣಿಕೆ. ಹೆಚ್ಚು ಜನ ಎಡವುವುದು ಇಲ್ಲೇ. 10 ಸ್ಪೀಡ್ (ಹಿಂದೆ 10 ಹಲ್ಲುಚಕ್ರ) ಅಂದರೆ 10 ಸ್ಪೀಡ್ ಅಲ್ವಾ ಅಂತ ತಂದುಬಿಡುತ್ತಾರೆ. ಶಿಮಾನೊದ ಹಳೇ 10 ಸ್ಪೀಡ್ ರೋಡ್ ಶಿಫ್ಟರ್, ಅಂದರೆ ಟಿಯಾಗ್ರಾ ಸರಣಿಯ 4600 ಅಥವಾ 105 ಸರಣಿಯ 5700, ಒಂದು ಕ್ಲಿಕ್‌ಗೆ ಸುಮಾರು 2.3 ಮಿ.ಮೀ. ಕೇಬಲ್ ಎಳೆಯುತ್ತದೆ. ಅದರ ಜೋಡಿ ಡಿರೇಲರ್ ಆ ಎಳೆತವನ್ನು 1.7 ಪಟ್ಟು ಮಾಡಿ ಪಕ್ಕಕ್ಕೆ ಸರಿಯುತ್ತದೆ. ಅಲ್ಲಿಗೆ ಸುಮಾರು 3.9 ಮಿ.ಮೀ. 10 ಸ್ಪೀಡ್ ಕ್ಯಾಸೆಟ್‌ನಲ್ಲಿ ಒಂದು ಚಕ್ರದಿಂದ ಇನ್ನೊಂದಕ್ಕೆ ಇರುವ ದೂರವೂ ಅಷ್ಟೇ. ಮುಂದೆ ಬಂದ ಟಿಯಾಗ್ರಾ 4700 ಕೂಡ 10 ಸ್ಪೀಡೇ. ಆದರೆ ಅದರ ಡಿರೇಲರ್ 11 ಸ್ಪೀಡ್‌ನ ಲೆಕ್ಕದ್ದು, ಸುಮಾರು 1.4 ಪಟ್ಟು. ಹಳೇ ಶಿಫ್ಟರ್‌ಗೆ ಈ ಹೊಸ ಡಿರೇಲರ್ ಕಟ್ಟಿದರೆ ಒಂದು ಕ್ಲಿಕ್‌ಗೆ ಅದು ಸರಿಯುವುದು 3.2 ಮಿ.ಮೀ. ಮಾತ್ರ. ಪ್ರತಿ ಗೇರ್‌ಗೂ ಮುಕ್ಕಾಲು ಮಿಲಿಮೀಟರ್‌ನಷ್ಟು ಹಿಂದೆ ಬೀಳುತ್ತಾ ಹೋಗುತ್ತದೆ. ಚಿಕ್ಕ ಗೇರ್‌ಗಳಲ್ಲಿ ಸರಿ ಮಾಡಿದರೆ ದೊಡ್ಡದರಲ್ಲಿ ಕೆಡುತ್ತದೆ, ದೊಡ್ಡದರಲ್ಲಿ ಸರಿ ಮಾಡಿದರೆ ಚಿಕ್ಕದರಲ್ಲಿ. ಎಂಥ ಮೆಕ್ಯಾನಿಕ್ ಕೈಗೆ ಕೊಟ್ಟರೂ ಇದು ಟ್ಯೂನ್ ಆಗುವುದಿಲ್ಲ.

ಅದೇ ಶಿಮಾನೊದ ಹಳೇ 9 ಸ್ಪೀಡ್ ಸೋರಾ ಶಿಫ್ಟರ್ ಇದ್ದವರು ಅದೃಷ್ಟವಂತರು. ಶಿಮಾನೊದ 9 ಸ್ಪೀಡ್ ಮೌಂಟನ್ ಬೈಕ್ ಡಿರೇಲರ್ ಅದಕ್ಕೆ ಚೆನ್ನಾಗಿ ಹೊಂದುತ್ತದೆ. ಕಡಿಮೆ ಖರ್ಚಿನಲ್ಲಿ ಬೆಟ್ಟದ ಗೇರ್ ಸಿಗುತ್ತದೆ. 10 ಸ್ಪೀಡ್ ಮೌಂಟನ್ ಡಿರೇಲರ್ ಮಾತ್ರ ಬೇಡ, ಅದರ ಲೆಕ್ಕವೇ ಬೇರೆ. ಸ್ರ್ಯಾಮ್ ಕಂಪನಿಯದು ಮತ್ತೂ ಬೇರೆ. ಶಿಮಾನೊ ಶಿಫ್ಟರ್‌ಗೆ ಸ್ರ್ಯಾಮ್ ಡಿರೇಲರ್ ಕಟ್ಟಬೇಡಿ.

ಹೊಸದು ಕೈಗೆ ಬಂತು ಅಂತಿಟ್ಟುಕೊಳ್ಳಿ. ಅದನ್ನು ಹಾಕುವ ಮೊದಲು ಹ್ಯಾಂಗರ್ ನೋಡಬೇಕು. ಡಿರೇಲರ್ ತೂಗುವ ಆ ಚಿಕ್ಕ ಅಲ್ಯೂಮಿನಿಯಂ ತುಂಡು ಬೇಕೆಂದೇ ಮೆತ್ತಗಿರುತ್ತದೆ. ಬಿದ್ದಾಗ ಫ್ರೇಮ್ ಬದಲು ಅದು ಬಾಗಲಿ ಅಂತ. ಬೀಳಲೇಬೇಕು ಅಂತಿಲ್ಲ. ಬಸ್ಸಿನ ಲಗೇಜ್ ಇಡುವ ಜಾಗದಲ್ಲಿ ಬಲಮಗ್ಗುಲಿಗೆ ಮಲಗಿಸಿದರೂ ಬಾಗುತ್ತದೆ. ‘ಡಿರೇಲರ್ ಹಾಳಾಗಿದೆ’ ಅಂತ ನನ್ನ ಬಳಿ ಬರುವ ಬೈಕ್‌ಗಳಲ್ಲಿ ಎಷ್ಟೋ ಸಲ ಡಿರೇಲರ್‌ಗೆ ಏನೂ ಆಗಿರುವುದಿಲ್ಲ. ಬಾಗಿರುವುದು ಹ್ಯಾಂಗರ್. ಅದನ್ನು ನೇರ ಮಾಡಿದರೆ ಹೊಸದು ಕೊಳ್ಳುವ ಮಾತೇ ಬರುವುದಿಲ್ಲ.

ಅಳೆಯುವುದಕ್ಕೆ ಅಲೈನ್‌ಮೆಂಟ್ ಗೇಜ್ ಅಂತ ಒಂದು ಉದ್ದ ಕೋಲಿನ ಸಾಧನ ಇದೆ. ಡಿರೇಲರ್ ಬಿಚ್ಚಿ ಅದೇ ತೂತಿಗೆ ಇದನ್ನು ತಿರುಗಿಸಿ ಕೂರಿಸುತ್ತೇವೆ. ಚಕ್ರದ ವಾಲ್ವ್ ಇರುವ ಜಾಗವನ್ನು ಗುರುತು ಮಾಡಿಕೊಂಡು, ಗೇಜಿನ ತುದಿ ರಿಮ್‌ಗೆ ಮುಟ್ಟುವಂತೆ ಇಡಬೇಕು. ಆಮೇಲೆ ಚಕ್ರವನ್ನೂ ಕೋಲನ್ನೂ ಒಟ್ಟಿಗೆ ತಿರುಗಿಸಿ ಮೇಲೆ, ಕೆಳಗೆ, ಹಿಂದೆ, ಮುಂದೆ ನಾಲ್ಕೂ ಕಡೆ ಅದೇ ವಾಲ್ವ್ ಹತ್ತಿರ ಅಳೆಯಬೇಕು. ಒಂದೇ ಬಿಂದುವಿನಲ್ಲಿ ಅಳೆಯುವುದರಿಂದ ರಿಮ್ ಸ್ವಲ್ಪ ಅಲುಗುತ್ತಿದ್ದರೂ ಲೆಕ್ಕ ತಪ್ಪುವುದಿಲ್ಲ. 11 ಸ್ಪೀಡ್ ಬೈಕ್‌ನಲ್ಲಿ ವ್ಯತ್ಯಾಸ ಎರಡು ಮಿ.ಮೀ. ಒಳಗೆ ಬರುವತನಕ ನಾನು ಬಿಡುವುದಿಲ್ಲ. ಗೇಜ್ ಇಲ್ಲದವರು ಬೈಕ್ ಹಿಂದೆ ಕೂತು ನೋಡಿ. ಕೇಜ್‌ನ ಎರಡು ಪುಟ್ಟ ಚಕ್ರಗಳ, ಅಂದರೆ ಜಾಕಿ ವೀಲ್‌ಗಳ, ಗೆರೆ ಕ್ಯಾಸೆಟ್‌ನ ಹಲ್ಲುಚಕ್ರಗಳ ಗೆರೆಗೆ ಸಮಾನಾಂತರ ಇದೆಯಾ? ಕೆಳಗಿನ ವೀಲ್ ಚಕ್ರದ ಕಡೆ ವಾಲಿದ್ದರೆ ಹ್ಯಾಂಗರ್ ಬಾಗಿದೆ ಅಂತಲೇ ಅನುಮಾನ ಪಡಿ.

ಕೂರಿಸುವಾಗ ಬೋಲ್ಟ್‌ಗೆ ತೆಳುವಾಗಿ ಗ್ರೀಸ್ ಹಚ್ಚಿ. ಮೊದಲ ಕೆಲವು ಸುತ್ತು ಬೆರಳಲ್ಲೇ ತಿರುಗಬೇಕು. ಬಿಗಿ ಅನ್ನಿಸಿದರೆ ಅಲ್ಲೇ ನಿಲ್ಲಿಸಿ, ಹ್ಯಾಂಗರ್‌ನ ಥ್ರೆಡ್ ಹೋಯಿತು ಅಂದರೆ ಹೊಸ ಹ್ಯಾಂಗರೇ ಬೇಕು. ಕೊನೆಯ ಬಿಗಿ 8ರಿಂದ 10 ನ್ಯೂಟನ್ ಮೀಟರ್. ಶಿಮಾನೊದ 11 ಸ್ಪೀಡ್‌ನ 11-34 ರೋಡ್ ಕ್ಯಾಸೆಟ್‌ಗಳನ್ನು 11 ಸ್ಪೀಡ್ ರೋಡ್ ಹಬ್‌ಗೆ ಹಾಕುವಾಗ ಹಿಂದೆ 1.85 ಮಿ.ಮೀ. ಸ್ಪೇಸರ್ (ತೆಳು ಉಂಗುರ) ಇಡಬೇಕು. ಅದು ಬಿಟ್ಟುಹೋದರೆ ಕ್ಯಾಸೆಟ್ ಅಲುಗಾಡುತ್ತದೆ, ಬೈಗುಳ ಡಿರೇಲರ್‌ಗೆ ಬೀಳುತ್ತದೆ.

ಡಿರೇಲರ್ ತೀರಾ ಹೊರಗೆ ಹೋಗದಂತೆ ತಡೆಯುವುದು ಎಚ್ ಸ್ಕ್ರೂ, ತೀರಾ ಒಳಗೆ ಹೋಗದಂತೆ ತಡೆಯುವುದು ಎಲ್ ಸ್ಕ್ರೂ. ಕೇಬಲ್ ಕಟ್ಟುವ ಮೊದಲೇ ಎಚ್ ಸ್ಕ್ರೂ ಹೊಂದಿಸಿ. ಹಿಂದಿನಿಂದ ನೋಡಿದಾಗ ಮೇಲಿನ ಜಾಕಿ ವೀಲ್ ಅತಿ ಚಿಕ್ಕ ಚಕ್ರದ ಹೊರ ಅಂಚಿನ ನೇರಕ್ಕೆ ಬರಬೇಕು. ಎಲ್ ಸ್ಕ್ರೂಗೆ ಡಿರೇಲರನ್ನು ಕೈಯಲ್ಲೇ ಒಳಗೆ ತಳ್ಳಿ, ಅತಿ ದೊಡ್ಡ ಚಕ್ರದ ನೇರ ಕೆಳಗೆ ನಿಲ್ಲುವಂತೆ ಮಾಡಿ. ಇದು ಸಡಿಲವಾದರೆ ಚೈನ್ ಕಡ್ಡಿಗಳ ಒಳಗೆ ಬೀಳುತ್ತದೆ, ಅದೂ ನೀವು ಏರಿನಲ್ಲಿ ಜೋರಾಗಿ ತುಳಿಯುತ್ತಿರುವಾಗ. ಬಿ ಸ್ಕ್ರೂನಿಂದ ದೊಡ್ಡ ಚಕ್ರಕ್ಕೂ ಮೇಲಿನ ವೀಲ್‌ಗೂ 5-6 ಮಿ.ಮೀ. ಅಂತರ ಇಡಿ.

ಶಿಫ್ಟರನ್ನು ಚಿಕ್ಕ ಗೇರ್‌ನಲ್ಲಿಟ್ಟು ಕೇಬಲ್ ಎಳೆದು ಕಟ್ಟಿ. ಕೊನೆಯ ಟ್ಯೂನಿಂಗ್‌ಗೆ ಶಿಮಾನೊ ಹೇಳುವ ವಿಧಾನ ನನಗೆ ಬಹಳ ಇಷ್ಟ. ಎರಡನೇ ಚಿಕ್ಕ ಗೇರ್‌ನಲ್ಲಿ ಪೆಡಲ್ ತಿರುಗಿಸುತ್ತಾ ಶಿಫ್ಟರ್ ಲಿವರನ್ನು ಕ್ಲಿಕ್ ಆಗದಷ್ಟು, ಬರೀ ಸಡಿಲ ತೀರುವಷ್ಟು ಒತ್ತಿ ಹಿಡಿಯಿರಿ. ಆಗ ಚೈನ್ ಮೂರನೇ ಚಕ್ರಕ್ಕೆ ತಾಗಿ ಸಣ್ಣಗೆ ಸದ್ದು ಮಾಡಬೇಕು. ಲಿವರ್ ಬಿಟ್ಟರೆ ಸದ್ದು ನಿಲ್ಲಬೇಕು. ಒತ್ತಿದಾಗ ಸದ್ದೇ ಇಲ್ಲವಾದರೆ ಕೇಬಲ್‌ನ ಬಿಗಿ ಹೊಂದಿಸುವ ಬ್ಯಾರೆಲ್ ಅಡ್ಜಸ್ಟರನ್ನು ಗಡಿಯಾರದ ಮುಳ್ಳಿಗೆ ವಿರುದ್ಧವಾಗಿ ಕಾಲು ಸುತ್ತು ತಿರುಗಿಸಿ. ಬಿಟ್ಟ ಮೇಲೂ ಸದ್ದಿದ್ದರೆ ಮುಳ್ಳಿನ ದಿಕ್ಕಿಗೆ.

ಕೇಬಲ್ ಮತ್ತು ಅದರ ಹೊರ ಕವಚ ಹೊಸದೇ ಇರಲಿ, ಗೇರ್‌ಗೆಂದೇ ಮಾಡಿದ್ದು ಇರಲಿ. ಬ್ರೇಕ್‌ನ ಕವಚ ಹಾಕಿದರೆ ಅದು ಒತ್ತಡಕ್ಕೆ ಕುಗ್ಗುತ್ತದೆ, ಇಂಡೆಕ್ಸಿಂಗ್, ಅಂದರೆ ಒಂದು ಕ್ಲಿಕ್‌ಗೆ ಒಂದು ಗೇರ್ ಸರಿಯಾಗಿ ಕೂರುವುದು, ನಿಲ್ಲುವುದಿಲ್ಲ. ಡಿರೇಲರ್ ಹತ್ತಿರದ ಕೊನೆಯ ಬಳುಕಿನಲ್ಲಿ ಮಳೆನೀರು, ಕೆಂಪುಮಣ್ಣು ಸೇರಿಕೊಳ್ಳುತ್ತವೆ. ಮಲೆನಾಡಿನಲ್ಲಿ ಓಡಿಸುವವರು ಮಳೆಗಾಲ ಮುಗಿದ ಕೂಡಲೇ ಆ ತುಂಡನ್ನಾದರೂ ಬದಲಿಸಿ.

ಹೊಸ ಕೇಬಲ್‌ನಲ್ಲಿ ಒಂದೆರಡು ರೈಡ್ ಆದ ಮೇಲೆ ಗೇರ್ ಹತ್ತುವುದು ಸ್ವಲ್ಪ ತಡವಾಗುತ್ತದೆ. ಕವಚದ ತುದಿಗಳು ಕೂತುಕೊಂಡು ಕೇಬಲ್ ಸಡಿಲ ಆಗಿರುತ್ತದೆ, ಅಷ್ಟೇ. ಬ್ಯಾರೆಲ್ ಅಡ್ಜಸ್ಟರ್ ಕಾಲು ಸುತ್ತು ತಿರುಗಿಸಿದರೆ ಸಾಕು. ಎಚ್, ಎಲ್ ಸ್ಕ್ರೂಗಳನ್ನು ಆಗ ಮುಟ್ಟಬೇಡಿ.