ಪಸ್ಕ: ಊಟದ ಮೇಜಿಗೆ ಬರುವ ನೆನಪು

ಕನ್ನಡ ಬೈಬಲಿನ ವಿಮೋಚನಕಾಂಡದ 12ನೇ ಅಧ್ಯಾಯದಲ್ಲಿ ‘ಪಸ್ಕ’ ಎಂಬ ಮಾತು ಎದುರಾಗುತ್ತದೆ, ಅದು ಯೆಹೂದ್ಯರ ಹಬ್ಬವೊಂದರ ಹೆಸರು. ಹೀಬ್ರೂವಿನ ‘ಪೆಸಹ್’ ಗ್ರೀಕಿನ ಮೂಲಕ ಈ ರೂಪ ಪಡೆದಿದೆ. ‘ದಾಟಿಹೋಗುವುದು’ ಎಂದು ಸಾಮಾನ್ಯವಾಗಿ ಅರ್ಥ ಹೇಳುತ್ತಾರೆ. ಐಗುಪ್ತದಲ್ಲಿ (ಈಜಿಪ್ಟ್) ದಾಸರಾಗಿದ್ದ ಇಸ್ರಾಯೇಲ್ಯರನ್ನು, ಅಂದರೆ ಯೆಹೂದ್ಯರ ಪೂರ್ವಿಕರನ್ನು, ಬಿಟ್ಟುಕೊಡಲು ಅಲ್ಲಿನ ದೊರೆ ಫರೋಹ ಒಪ್ಪಲಿಲ್ಲ. ದೇವರು ಕಳಿಸಿದ ಹತ್ತನೆಯ ಉಪದ್ರವದಲ್ಲಿ ದೇಶದ ಚೊಚ್ಚಲು ಮಕ್ಕಳು ಸತ್ತರು. ಬಾಗಿಲಿಗೆ ಕುರಿಮರಿಯ ರಕ್ತ ಹಚ್ಚಿದ್ದ ಮನೆಗಳನ್ನು ಮಾತ್ರ ಸಾವು ದಾಟಿಹೋಯಿತು. ಅದೇ ರಾತ್ರಿ ಜನ ಹೊರಟರು. ಕಲಸಿದ ಹಿಟ್ಟು ಹುಳಿಯಾಗುವಷ್ಟು ಹೊತ್ತೂ ಇರಲಿಲ್ಲ.

ಆ ರಾತ್ರಿಯನ್ನು ಯೆಹೂದ್ಯರು ಪ್ರತಿವರ್ಷ ನೀಸಾನ್ ತಿಂಗಳ 15ರಂದು ಆಚರಿಸುತ್ತಾರೆ. ಅವರದೂ ಚಾಂದ್ರಮಾನದ ತಿಂಗಳು. ಹಬ್ಬ ವಸಂತದಲ್ಲೇ ಬರಲೆಂದು 19 ವರ್ಷಕ್ಕೆ 7 ಅಧಿಕ ತಿಂಗಳು ಸೇರಿಸುತ್ತಾರೆ. ಹಾಗಾಗಿ ಪಸ್ಕದ ಮೊದಲ ರಾತ್ರಿ ಹುಣ್ಣಿಮೆಯದು, ಬಹಳ ಸಲ ನಮ್ಮ ಚೈತ್ರದ ಹುಣ್ಣಿಮೆಯ ಆಸುಪಾಸಿನದು. ಇಸ್ರೇಲಿನಲ್ಲಿ ಹಬ್ಬ ಏಳು ದಿನ, ಹೊರದೇಶಗಳ ಸಂಪ್ರದಾಯಸ್ಥರಲ್ಲಿ ಎಂಟು ದಿನ.

ಯೆರೂಸಲೇಮಿನ ದೇವಾಲಯ ಇದ್ದಷ್ಟು ಕಾಲ ಹಬ್ಬದ ಮುಖ್ಯ ಭಾಗ ಕುರಿಮರಿಯ ಬಲಿ. ಕ್ರಿ.ಶ. 70ರಲ್ಲಿ ರೋಮನ್ನರು ದೇವಾಲಯವನ್ನು ಕೆಡವಿದರು, ಬಲಿ ನಿಂತಿತು. ಅಲ್ಲಿಗೇ ಹಬ್ಬವೂ ಮುಗಿಯಬಹುದಿತ್ತು. ಮುಗಿಯಲಿಲ್ಲ, ಏಕೆಂದರೆ ಅದು ಮನೆಯ ಊಟದ ಮೇಜಿಗೆ ಬಂದು ಕೂತಿತು. (ಯೆಹೂದ್ಯರಿಗೆ ಹತ್ತಿರದ ಸಣ್ಣ ಸಮುದಾಯವಾದ ಸಮಾರ್ಯರು ಮಾತ್ರ ಗೆರಿಜೀಮ್ ಬೆಟ್ಟದ ಮೇಲೆ ಇಂದಿಗೂ ಕುರಿಮರಿ ಕೊಯ್ಯುತ್ತಾರೆ.) ಈ ಊಟಕ್ಕೆ ಒಂದು ಕ್ರಮವಿದೆ, ಅದನ್ನು ‘ಸೇದೆರ್’ ಎನ್ನುತ್ತಾರೆ, ಊಟದ ನಡುವೆ ಓದುವ ಪುಸ್ತಕ ‘ಹಗ್ಗಾದಾ’.

ಹಬ್ಬಕ್ಕೆ ಮೊದಲು ಮನೆಯಲ್ಲಿ ಹುಳಿಹಿಟ್ಟಿನ ಚೂರೂ ಉಳಿಯಬಾರದು. ಹಿಂದಿನ ರಾತ್ರಿ ಮೇಣದಬತ್ತಿ ಮತ್ತು ಹಕ್ಕಿಯ ಗರಿ ಹಿಡಿದು ಮೂಲೆ ಮೂಲೆ ಹುಡುಕಿ, ಸಿಕ್ಕಿದ್ದನ್ನು ಬೆಳಗ್ಗೆ ಸುಡುತ್ತಾರೆ. ತಿನ್ನುವುದು ‘ಮಾತ್ಸಾ’, ಹುಳಿಯಿಲ್ಲದ ರೊಟ್ಟಿ. ಹಿಟ್ಟಿಗೆ ನೀರು ಬಿದ್ದ 18 ನಿಮಿಷದೊಳಗೆ ಅದು ಬೆಂದು ಮುಗಿದಿರಬೇಕು. ಹಾಗಾದರೆ ಅನ್ನ? ಅದಕ್ಕೂ ಜಗಳವಿದೆ! ಮಧ್ಯ ಮತ್ತು ಪೂರ್ವ ಯೂರೋಪ್ ಮೂಲದ ಅಶ್ಕೆನಾಜಿ ಯೆಹೂದ್ಯರು ಸಾಂಪ್ರದಾಯಿಕವಾಗಿ ಅಕ್ಕಿಯನ್ನೂ ಬಿಡುತ್ತಾರೆ. ಸ್ಪೇನ್, ಪೋರ್ಚುಗಲ್ ಮೂಲದ ಸೆಫಾರ್ದಿಗಳಲ್ಲಿ ಮತ್ತು ಪೂರ್ವದೇಶಗಳ ಯೆಹೂದ್ಯರಲ್ಲಿ ಬಹಳಷ್ಟು ಮಂದಿ ತಿನ್ನುತ್ತಾರೆ.

ಮೇಜಿನ ಮೇಲಿನ ತಟ್ಟೆಯಲ್ಲಿ ಕಹಿ ಸೊಪ್ಪೋ ಮುಲ್ಲಂಗಿ ಜಾತಿಯ ಖಾರದ ಬೇರೋ ಇರುತ್ತದೆ, ದಾಸ್ಯದ ಕಹಿಗೆ. ಪಕ್ಕದಲ್ಲಿ ಉಪ್ಪುನೀರು, ಕಣ್ಣೀರಿಗೆ. ಸೇಬು, ಬೀಜಗಳು, ದ್ರಾಕ್ಷಾರಸ ಕಲಸಿದ ಕಂದು ಬಣ್ಣದ ‘ಹರೋಸೆತ್’ ಎಂಬ ಸಿಹಿ, ಇಟ್ಟಿಗೆ ಕಟ್ಟಿದ ಗಾರೆಯ ನೆನಪಿಗೆ. ಇರಾಕಿನ ಕಡೆಯವರು ಇದಕ್ಕೆ ಖರ್ಜೂರದ ಪಾಕ ಬಳಸುತ್ತಾರೆ. ಬಲಿಯ ಗುರುತಿಗೆ ಒಂದು ಸುಟ್ಟ ಮೂಳೆ. ದ್ರಾಕ್ಷಾರಸದ ನಾಲ್ಕು ಬಟ್ಟಲು. ಸ್ವತಂತ್ರರು ಆರಾಮವಾಗಿ ಉಣ್ಣುತ್ತಾರೆಂದು ಎಡಕ್ಕೆ ಒರಗಿ ಕುಡಿಯಬೇಕು.

ಇಷ್ಟೆಲ್ಲ ಬಡಿಸಿಟ್ಟರೂ ಕಥೆ ತಾನಾಗಿ ಶುರುವಾಗುವಂತಿಲ್ಲ. ಮನೆಯ ಕಿರಿಯ ಮಗು ಕೇಳಬೇಕು: ಈ ರಾತ್ರಿ ಬೇರೆ ರಾತ್ರಿಗಳಿಗಿಂತ ಏಕೆ ಬೇರೆ? ಮಗುವಿಲ್ಲದ ಮನೆಯಲ್ಲಿ ಹೆಂಡತಿ ಕೇಳಬೇಕು, ಒಬ್ಬನೇ ಇದ್ದರೆ ತನ್ನನ್ನು ತಾನೇ ಕೇಳಿಕೊಳ್ಳಬೇಕು, ಎಲ್ಲ ತಿಳಿದ ಇಬ್ಬರು ಪಂಡಿತರು ಕೂತಿದ್ದರೂ ಒಬ್ಬರನ್ನೊಬ್ಬರು ಕೇಳಬೇಕು ಎನ್ನುತ್ತದೆ ಯೆಹೂದ್ಯರ ಧರ್ಮಚರ್ಚೆಗಳ ಗ್ರಂಥ ತಾಲ್ಮುದ್. ಉತ್ತರ ಗೊತ್ತಿದ್ದರೂ ಪ್ರಶ್ನೆ ಬಿಡುವಂತಿಲ್ಲ ಎಂಬ ಈ ಹಟವೇ ಪಸ್ಕದ ಜಾಣತನ ಎಂದು ನನಗನ್ನಿಸುತ್ತದೆ. ನಮ್ಮಲ್ಲಿ ಹಬ್ಬದ ದಿನ ‘ಇದನ್ನೇಕೆ ಮಾಡುವುದು’ ಎಂದು ಕೇಳಿದ ಮಗುವಿಗೆ ಎಷ್ಟೋ ಸಲ ಸಿಗುವ ಉತ್ತರ ‘ಸುಮ್ಮನೆ ಕೂತ್ಕೋ’.

ಸುಮಾರು ಕ್ರಿ.ಶ. 200ರ ಹೊತ್ತಿಗೆ ಸಂಕಲನಗೊಂಡ, ಯೆಹೂದ್ಯರ ಮೌಖಿಕ ಕಟ್ಟಳೆಗಳ ಗ್ರಂಥ ಮಿಶ್ನಾ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಪ್ರತಿ ತಲೆಮಾರಿನಲ್ಲೂ ಪ್ರತಿಯೊಬ್ಬನೂ ತಾನೇ ಐಗುಪ್ತದಿಂದ ಹೊರಬಂದವನೆಂದು ಭಾವಿಸಬೇಕು. ಹಗ್ಗಾದಾದಲ್ಲಿ ನಾಲ್ವರು ಮಕ್ಕಳ ಪ್ರಸಂಗವಿದೆ. ಅದರಲ್ಲಿ ‘ದುಷ್ಟ’ ಅನ್ನಿಸಿಕೊಳ್ಳುವವನು ‘ಈ ಆಚರಣೆ ನಿಮಗೇನು?’ ಎಂದು ಕೇಳುವ ಮಗ. ಕೇಳಿದ್ದು ತಪ್ಪಲ್ಲ, ‘ನಿಮಗೆ’ ಎಂದು ತನ್ನನ್ನು ಹೊರಗಿಟ್ಟುಕೊಂಡದ್ದು ತಪ್ಪು.

ಇಡೀ ರಾತ್ರಿ ಬಿಡುಗಡೆಯ ಕಥೆ ಹೇಳಿದರೂ ಮೋಶೆಯ ಹೆಸರು ಸಾಂಪ್ರದಾಯಿಕ ಹಗ್ಗಾದಾದಲ್ಲಿ ಉದ್ಧರಿಸಿದ ಒಂದು ವಚನದಲ್ಲಿ ಸುಳಿದು ಹೋಗುತ್ತದೆ, ಅಷ್ಟೆ. ಫರೋಹನ ಮುಂದೆ ನಿಂತವನು, ಜನರನ್ನು ನಡೆಸಿದವನು, ಅವನೇ ಇಲ್ಲ! ದೂತನ ಕೈಯಿಂದಲ್ಲ, ಪ್ರತಿನಿಧಿಯ ಕೈಯಿಂದಲ್ಲ, ದೇವರೇ ಬಿಡಿಸಿದನು ಎಂದು ಹಗ್ಗಾದಾ ಒತ್ತಿ ಹೇಳುತ್ತದೆ. ಇಸ್ರಾಯೇಲ್ಯರ ಮೂಲಪುರುಷ ಅಬ್ರಹಾಮನಿಗೆ ಕೊಟ್ಟ ಮಾತನ್ನು ದೇವರು ಉಳಿಸಿಕೊಂಡನು ಎಂಬುದೇ ಸ್ತುತಿಯ ಕೇಂದ್ರ. ಕನ್ನಡ ಕ್ರೈಸ್ತರು ‘ದೇವರ ನಂಬಿಗಸ್ತಿಕೆ’ ಎನ್ನುವುದು ಇದನ್ನೇ.

ಹಾಗೆಂದು ಇದು ಕಣ್ಣು ಮುಚ್ಚಿಕೊಂಡ ಸಂಭ್ರಮವೂ ಅಲ್ಲ. ಬಟ್ಟಲು ಎತ್ತಿ ಆ ವಾಗ್ದಾನವನ್ನು ಕೊಂಡಾಡುವಾಗಲೇ, ನಮ್ಮನ್ನು ಮುಗಿಸಲು ಪ್ರತಿ ತಲೆಮಾರಿನಲ್ಲೂ ಒಬ್ಬರು ಏಳುತ್ತಾರೆ, ದೇವರು ಅವರ ಕೈಯಿಂದ ಬಿಡಿಸುತ್ತಾನೆ ಎನ್ನುತ್ತಾರೆ. 1943ರ ಏಪ್ರಿಲ್ 19ರಂದು ನಾಜಿ ಪಡೆ ಪೋಲೆಂಡಿನ ವಾರ್ಸಾದಲ್ಲಿ ಯೆಹೂದ್ಯರನ್ನು ಕೂಡಿಹಾಕಿದ್ದ ಘೆಟ್ಟೋದಲ್ಲಿ ಉಳಿದವರನ್ನು ಶಿಬಿರಗಳಿಗೆ ಸಾಗಿಸಲು ಒಳನುಗ್ಗಿತು. ಅಲ್ಲಿನವರು ತಿರುಗಿ ಬಿದ್ದರು. ಅವತ್ತು ಸಂಜೆ ಪಸ್ಕ ಶುರು. ಅಡಗುದಾಣಗಳಲ್ಲಿ ಸೇದೆರ್ ನಡೆದದ್ದನ್ನು ಬದುಕುಳಿದವರು ಬರೆದಿದ್ದಾರೆ. ‘ಬಿಡಿಸುತ್ತಾನೆ’ ಎಂಬ ಸಾಲನ್ನು ಅಲ್ಲಿ ಹೇಗೆ ಓದಿದರು? ಈ ಪ್ರಶ್ನೆಗೆ ಯೆಹೂದಿ ಚಿಂತಕರಲ್ಲೇ ಒಮ್ಮತವಿಲ್ಲ. ಕೆಲವರ ನಂಬಿಕೆ ಅಲ್ಲಿಗೇ ಮುರಿಯಿತು, ಕೆಲವರು ದೇವರೊಂದಿಗೆ ಜಗಳವಾಡುತ್ತಲೇ ಬಟ್ಟಲು ಎತ್ತಿದರು.

ಶತ್ರುವಿನ ಸಾವಿಗೂ ಇಲ್ಲಿ ಲೆಕ್ಕವಿದೆ. ಹತ್ತು ಉಪದ್ರವಗಳ ಹೆಸರು ಹೇಳುತ್ತ ಬಟ್ಟಲಿನಿಂದ ಒಂದೊಂದು ಹನಿ ದ್ರಾಕ್ಷಾರಸ ಹೊರತೆಗೆಯುತ್ತಾರೆ. ಐಗುಪ್ತದವರು ಸತ್ತದ್ದರಿಂದ ನಮ್ಮ ಸಂತೋಷ ಅಷ್ಟು ಕಡಿಮೆಯಾಯಿತು ಎಂಬುದು ಇದಕ್ಕೆ ಇಂದು ಹೆಚ್ಚಾಗಿ ಕೊಡುವ ವಿವರಣೆ.

ಕ್ರೈಸ್ತರಿಗೆ ಪಸ್ಕ ಬೇರೆ ದಿಕ್ಕಿನಿಂದ ಬಂತು. ಮತ್ತಾಯ, ಮಾರ್ಕ, ಲೂಕರ ಪ್ರಕಾರ ಯೇಸು ಶಿಷ್ಯರೊಂದಿಗೆ ಮಾಡಿದ ಕೊನೆಯ ಊಟ ಪಸ್ಕದ ಊಟವೇ. ರೊಟ್ಟಿ ಮುರಿದು ‘ನನ್ನ ನೆನಪಿಗಾಗಿ ಹೀಗೆ ಮಾಡಿರಿ’ ಎಂದದ್ದು ಅಲ್ಲಿ. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಚರ್ಚುಗಳ ಕರ್ತನ ಭೋಜನಕ್ಕೆ ಅದೇ ಬುಡ.

ಕೇರಳದ ಸಿರಿಯನ್ ಕ್ರೈಸ್ತರಲ್ಲಿ ಆ ಊಟ ಚರ್ಚಿನಲ್ಲಷ್ಟೇ ಅಲ್ಲ, ಮನೆಯಲ್ಲೂ ಉಳಿದಿದೆ. ಶುಭ ಶುಕ್ರವಾರದ ಹಿಂದಿನ ರಾತ್ರಿ ಅಕ್ಕಿ, ಉದ್ದು ರುಬ್ಬಿ, ಹುಳಿ ಬರಿಸದೆ ‘ಪೆಸಹಾ ಅಪ್ಪಂ’ ಬೇಯಿಸಿ, ಗರಿಗಳ ಭಾನುವಾರ ತಂದ ತೆಂಗಿನ ಗರಿಯ ಶಿಲುಬೆಯನ್ನು ಮೇಲಿಡುತ್ತಾರೆ. ಮನೆಯ ಹಿರಿಯರು ಪ್ರಾರ್ಥಿಸಿ, ಮುರಿದು, ತೆಂಗಿನಹಾಲು ಬೆಲ್ಲದ ‘ಪಾಲ್’ ಜೊತೆ ವಯಸ್ಸಿನ ಪ್ರಕಾರ ಹಂಚುತ್ತಾರೆ. ಬೆಳ್ತಂಗಡಿ, ಕಡಬದ ಕಡೆ ಬಂದು ನೆಲೆಸಿದ ಕುಟುಂಬಗಳು ಈ ಪದ್ಧತಿಯನ್ನು ಘಟ್ಟದ ಬುಡಕ್ಕೂ ತಂದಿವೆ. ಆ ವರ್ಷ ಸಾವಾದ ಮನೆಯಲ್ಲಿ ಅಪ್ಪಂ ಮಾಡುವುದಿಲ್ಲ. ನೆರೆಯವರೋ ನೆಂಟರೋ ತಮ್ಮಲ್ಲಿ ಮಾಡಿದ್ದನ್ನು ತಂದು ಕೊಡುತ್ತಾರೆ.