ವಿಂಡೋಸ್ 11 ಆದ ಮೇಲೆ ಅಮ್ಮನ ಕಂಪ್ಯೂಟರ್‌ಗೆ ದೂರದಿಂದ ಕನೆಕ್ಟ್ ಆಗುತ್ತಿಲ್ಲ, ಏನು ಮಾಡಲಿ?

ಓದುಗರ ಪ್ರಶ್ನೆ: ನಾನು ಐರ್ಲೆಂಡ್‌ನ ಡಬ್ಲಿನ್‌ನಲ್ಲಿದ್ದೇನೆ. ಅಮ್ಮ ಸಾಗರದಲ್ಲಿದ್ದಾರೆ. ಅವರ ಕಂಪ್ಯೂಟರ್‌ನಲ್ಲಿ ಏನಾದರೂ ತೊಂದರೆಯಾದರೆ ಮೈಕ್ರೋಸಾಫ್ಟ್‌ನ ಕ್ವಿಕ್ ಅಸಿಸ್ಟ್ ಎಂಬ ಆ್ಯಪ್ ಮೂಲಕ ನಾನೇ ಇಲ್ಲಿಂದ ಸರಿ ಮಾಡುತ್ತಿದ್ದೆ. ಹೋದ ವಾರ ಅದು ವಿಂಡೋಸ್ 10ರಿಂದ 11ಕ್ಕೆ ಅಪ್‌ಗ್ರೇಡ್ ಆಯಿತು. ಈಗ ನಾನು ಕೊಟ್ಟ ಕೋಡನ್ನು ಅಮ್ಮ ಹಾಕಿದರೂ ಎಷ್ಟೋ ಸಲ ಕನೆಕ್ಟ್ ಆಗುವುದಿಲ್ಲ. ಕನೆಕ್ಟ್ ಆದರೂ ಮಧ್ಯದಲ್ಲಿ ಪರದೆ ಕಪ್ಪಾಗಿ ನಿಂತುಬಿಡುತ್ತದೆ. ವಾಪಸ್ ವಿಂಡೋಸ್ 10ಕ್ಕೇ ಹೋಗಬೇಕಾ?

ಬೇಡ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಅಪ್‌ಗ್ರೇಡ್ ಆದ 10 ದಿನದೊಳಗೆ ಹಳೆಯದಕ್ಕೆ ಮರಳುವ ಅವಕಾಶ ಇದೆ, ನಿಜ. ಆದರೆ ನಿಮ್ಮ ತೊಂದರೆಗೆ ಅಷ್ಟು ದೊಡ್ಡ ಹೆಜ್ಜೆ ಬೇಕಿಲ್ಲ. ನೀವು ಹೇಳಿದ ಎರಡು ತೊಂದರೆಗಳಿಗೂ ಒಂದಕ್ಕೊಂದು ಸಂಬಂಧವೇ ಇಲ್ಲ. ಅವನ್ನು ಬೇರೆ ಬೇರೆಯಾಗಿ ನೋಡಿದರೆ ಎರಡೂ ಬಗೆಹರಿಯುತ್ತವೆ.

ಮೊದಲು ಕಪ್ಪು ಪರದೆ. ಹೆಚ್ಚು ಜನ ಹೆದರುವುದು ಇದಕ್ಕೇ. ಆದರೆ ಬಹಳಷ್ಟು ಸಲ ಅದು ಕೆಟ್ಟಿದ್ದಲ್ಲ, ಬೇಕೆಂದೇ ಹಾಗೆ ಮಾಡಿದ್ದು.

ಹೊಸ ಸಾಫ್ಟ್‌ವೇರ್ ಹಾಕುವಾಗ, ಕೆಲವು ಮುಖ್ಯ ಸೆಟ್ಟಿಂಗ್ ಬದಲಿಸುವಾಗ ವಿಂಡೋಸ್ "ಈ ಬದಲಾವಣೆಗೆ ಒಪ್ಪಿಗೆ ಇದೆಯಾ" ಎಂದು ಕೇಳುತ್ತದೆ, ಅಲ್ವಾ? ಅದರ ಹೆಸರು ಯೂಸರ್ ಅಕೌಂಟ್ ಕಂಟ್ರೋಲ್. ವಿಂಡೋಸ್ ವಿಸ್ತಾ ಎಂಬ ಹಳೆಯ ಆವೃತ್ತಿಯ ಕಾಲದಿಂದಲೂ ಇದೆ. ಆ ಪ್ರಶ್ನೆ ಬಂದಾಗ ಹಿಂದಿನದೆಲ್ಲ ಮಬ್ಬಾಗುತ್ತದೆ. ಆಗ ವಿಂಡೋಸ್ ಆ ಪ್ರಶ್ನೆಯನ್ನು ಬೇರೆಯದೇ ಒಂದು ಸುರಕ್ಷಿತ ಪರದೆಯ ಮೇಲೆ ತೋರಿಸುತ್ತಿರುತ್ತದೆ. ಬೇರೆ ಯಾವ ಪ್ರೋಗ್ರಾಂ ಕೂಡ ಅದನ್ನು ನೋಡಬಾರದು, ಅದರ ಮೇಲೆ ಕ್ಲಿಕ್ ಮಾಡಬಾರದು ಎಂಬುದೇ ಅದರ ಉದ್ದೇಶ. ಕ್ವಿಕ್ ಅಸಿಸ್ಟ್ ಕೂಡ ಒಂದು ಪ್ರೋಗ್ರಾಂ ತಾನೇ? ಹಾಗಾಗಿ ಡಬ್ಲಿನ್‌ನಲ್ಲಿರುವ ನಿಮಗೆ ಕಾಣುವುದು ಬರೀ ಕಪ್ಪು. ಸಾಗರದಲ್ಲಿ ಅಮ್ಮನ ಎದುರಿಗೆ ಮಾತ್ರ "ಯೆಸ್" ಮತ್ತು "ನೋ" ಗುಂಡಿಗಳು ಕಾಯುತ್ತಾ ಇರುತ್ತವೆ.

ನಮ್ಮ ಮಾವನ ಕಂಪ್ಯೂಟರ್ ನೋಡುವಾಗ ನನಗೂ ಹೀಗೇ ಆಗಿತ್ತು. ಕನೆಕ್ಷನ್ ಹೋಯಿತೆಂದು ನಾನು ಮೂರು ಸಲ ಮುಚ್ಚಿ ತೆರೆದೆ. ನಾಲ್ಕನೇ ಸಲ ಅವರೇ ಫೋನಿನಲ್ಲಿ, "ಇಲ್ಲಿ ಏನೋ ಕೇಳ್ತಾ ಇದೆಯಲ್ಲ, ಒತ್ತಲಾ?" ಎಂದರು. ಅಂದಿನಿಂದ ಪರದೆ ಕಪ್ಪಾದರೆ ನಾನು ಮೌಸ್ ಮುಟ್ಟುವುದಿಲ್ಲ. ಆ ಕಡೆಯವರಿಗೆ ಏನು ಕಾಣುತ್ತಿದೆ ಎಂದು ಮೊದಲು ಕೇಳುತ್ತೇನೆ.

ಆದ್ದರಿಂದ ಫೋನ್ ಕಾಲ್ ಕಟ್ ಮಾಡಬೇಡಿ. ನೀವೇ ಏನೋ ಇನ್‌ಸ್ಟಾಲ್ ಮಾಡುತ್ತಿದ್ದೀರಿ ಎಂದಾಗ ಮಾತ್ರ ಅಮ್ಮ "ಯೆಸ್" ಒತ್ತಲಿ. ಅವರ ಖಾತೆಗೆ ಅಡ್ಮಿನ್ ಹಕ್ಕು, ಅಂದರೆ ಇಂಥ ಬದಲಾವಣೆ ಮಾಡುವ ಅಧಿಕಾರ, ಇಲ್ಲದಿದ್ದರೆ ಅಲ್ಲಿ ಪಾಸ್‌ವರ್ಡ್ ಕೇಳುತ್ತದೆ. ಅದನ್ನೂ ಅವರೇ ಟೈಪ್ ಮಾಡಬೇಕು, ನಿಮ್ಮ ಕೀಬೋರ್ಡ್‌ನಿಂದ ಆಗುವುದಿಲ್ಲ. ಈ ಕಿರಿಕಿರಿ ಬೇಡವೆಂದು ಕೆಲವರು ಯೂಸರ್ ಅಕೌಂಟ್ ಕಂಟ್ರೋಲನ್ನೇ ಕೆಳಗಿಳಿಸಿಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಆ ಒಂದು ಪ್ರಶ್ನೆ ಇರುವುದು ಅಮ್ಮನ ಕಾವಲಿಗೆ.

ಕಪ್ಪು ಆಗಿಲ್ಲ, ಪರದೆ ಕಾಣುತ್ತದೆ, ಆದರೆ ಮೌಸ್ ಆಡುತ್ತಿಲ್ಲ ಎಂದರೆ ಅದು ಬೇರೆ. ಈಗಿನ ಕ್ವಿಕ್ ಅಸಿಸ್ಟ್‌ನಲ್ಲಿ ಮೊದಲು ನೋಡಲು ಮಾತ್ರ ಅವಕಾಶ. ನೀವು "ರಿಕ್ವೆಸ್ಟ್ ಕಂಟ್ರೋಲ್" ಒತ್ತಬೇಕು, ಅಮ್ಮ ಅದಕ್ಕೆ ಒಪ್ಪಬೇಕು. ಹಳೆಯದರಲ್ಲಿ ಈ ಕ್ರಮ ಬೇರೆ ಇತ್ತು. ಹಾಗಾಗಿ ರೂಢಿಯಿದ್ದವರೇ ಇಲ್ಲಿ ತಡವರಿಸುತ್ತಾರೆ.

ಇನ್ನು ಕನೆಕ್ಟ್ ಆಗದ ಮಾತು. ಕ್ವಿಕ್ ಅಸಿಸ್ಟ್ ಮೊದಲು ವಿಂಡೋಸ್ 10ರ ಒಳಗೇ ಸೇರಿಕೊಂಡಿದ್ದ ಒಂದು ಭಾಗವಾಗಿತ್ತು. 2022ರ ಮೇನಲ್ಲಿ ಅದನ್ನು ನಿಲ್ಲಿಸಿ ಮೈಕ್ರೋಸಾಫ್ಟ್ ಸ್ಟೋರ್‌ನಿಂದ ಬರುವ ಆ್ಯಪ್ ಮಾಡಿದರು. ಈಗ ಅದು ಸ್ಟೋರ್ ಮೂಲಕವೇ ಅಪ್‌ಡೇಟ್ ಆಗಬೇಕು. ಅಪ್‌ಗ್ರೇಡ್ ಆದ ಮೊದಲ ಕೆಲವು ದಿನ ಸ್ಟೋರ್‌ನ ಆ್ಯಪ್‌ಗಳು ಒಂದೊಂದಾಗಿ ಅಪ್‌ಡೇಟ್ ಆಗುತ್ತಿರುತ್ತವೆ. ಅಮ್ಮನ ಕಡೆ ಸ್ಟೋರ್ ತೆರೆಸಿ, ಬಾಕಿ ಅಪ್‌ಡೇಟ್‌ಗಳನ್ನೆಲ್ಲ ಮುಗಿಸಿ. ಕಂಪ್ಯೂಟರನ್ನು ಒಮ್ಮೆ ರೀಸ್ಟಾರ್ಟ್ ಮಾಡಿಸಿ. ಆಮೇಲೆ ಕಂಟ್ರೋಲ್, ವಿಂಡೋಸ್ ಮತ್ತು ಕ್ಯೂ ಕೀಗಳನ್ನು ಒಟ್ಟಿಗೆ ಒತ್ತಿದರೆ ಕ್ವಿಕ್ ಅಸಿಸ್ಟ್ ತೆರೆಯುತ್ತದೆ. ಹೊಸ ಸ್ಟಾರ್ಟ್ ಮೆನುವಿನಲ್ಲಿ ಹುಡುಕುವ ಕಷ್ಟ ತಪ್ಪುತ್ತದೆ.

ಆ್ಯಪ್ ತೆರೆದರೂ ಒಳಗೆ ಖಾಲಿ ಬಿಳಿ ಕಿಟಕಿ ಮಾತ್ರ ಕಾಣುತ್ತದೆಯೇ? ಹಾಗಾದರೆ ನೆಟ್‌ವರ್ಕ್ ಹುಡುಕುತ್ತಾ ಕೂರಬೇಡಿ. ಈ ಆ್ಯಪ್ ತನ್ನ ಪುಟಗಳನ್ನು ತೋರಿಸಲು ಎಡ್ಜ್ ವೆಬ್‌ವ್ಯೂ 2 ರನ್‌ಟೈಮ್ ಎಂಬ ಇನ್ನೊಂದು ತುಂಡನ್ನು ನಂಬಿಕೊಂಡಿದೆ. ಅದು ಸರಿಯಿಲ್ಲದಿದ್ದರೆ ಇದೂ ಏಳುವುದಿಲ್ಲ. ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ಸ್, ಅದರಲ್ಲಿ ಇನ್‌ಸ್ಟಾಲ್ಡ್ ಆ್ಯಪ್ಸ್‌ಗೆ ಹೋಗಿ ವೆಬ್‌ವ್ಯೂ ಹೆಸರಿನ ಪಕ್ಕದ ಮೂರು ಚುಕ್ಕಿ ಒತ್ತಿ, ಮಾಡಿಫೈ, ಆಮೇಲೆ ರಿಪೇರ್. ಅದೇ ಪಟ್ಟಿಯಲ್ಲಿ ಕ್ವಿಕ್ ಅಸಿಸ್ಟ್‌ನ ಅಡ್ವಾನ್ಸ್ಡ್ ಆಪ್ಷನ್ಸ್ ಒಳಗೂ ರಿಪೇರ್ ಮತ್ತು ರೀಸೆಟ್ ಇವೆ.

ಕಂಪ್ಯೂಟರ್ ಹಳೆಯದಾದರೆ ಮೂಲೆಯ ಗಡಿಯಾರವನ್ನೂ ಅಮ್ಮನಿಂದ ಓದಿಸಿ. ತುಂಬಾ ಸಣ್ಣ ವಿಷಯ ಅನ್ನಿಸಬಹುದು. ಆದರೆ ಮದರ್‌ಬೋರ್ಡ್ ಮೇಲಿನ ನಾಣ್ಯದಂಥ ಸೆಲ್ ಸತ್ತಿದ್ದರೆ, ಕರೆಂಟ್ ಹೋಗಿ ಬಂದಾಗ ತಾರೀಕು ಎಲ್ಲೋ ಹಿಂದಕ್ಕೆ ಹೋಗಿರುತ್ತದೆ. ತಾರೀಕು ತಪ್ಪಿದ್ದರೆ ಸುರಕ್ಷಿತ ಕನೆಕ್ಷನ್‌ಗೆ ಬೇಕಾದ ಸರ್ಟಿಫಿಕೇಟ್ (ಸರ್ವರ್‌ನ ಗುರುತಿನ ಚೀಟಿ) ಹೊಂದುವುದಿಲ್ಲ, ಕನೆಕ್ಷನ್ ಆಗುವುದಿಲ್ಲ. ಮಳೆಗಾಲದಲ್ಲಿ ಮಲೆನಾಡಿನ ಕರೆಂಟ್ ಹೇಗೆಂದು ನಿಮಗೆ ನಾನು ಹೇಳಬೇಕಿಲ್ಲ.

ಈಗ ಎಲ್ಲರೂ ಮರೆಯುವ ಒಂದು ಮಾತು. ತೊಂದರೆ ನಿಮ್ಮ ಕಡೆಯೇ ಇರಬಹುದು. ಅಪ್‌ಗ್ರೇಡ್ ಆಗಿದ್ದು ಅಮ್ಮನ ಕಂಪ್ಯೂಟರ್ ಎಂದು ನಾವು ಅದನ್ನೇ ಅನುಮಾನಿಸುತ್ತೇವೆ. ಆದರೆ ನೀವು ಆಫೀಸ್ ಲ್ಯಾಪ್‌ಟಾಪ್‌ನಿಂದ ಸಹಾಯ ಮಾಡುತ್ತಿದ್ದೀರಾ? 2024ರ ಮೇನಲ್ಲಿ ಮೈಕ್ರೋಸಾಫ್ಟ್ ಒಂದು ಎಚ್ಚರಿಕೆ ಕೊಟ್ಟಿತು. ವಂಚಕರು ಕ್ವಿಕ್ ಅಸಿಸ್ಟ್ ಮೂಲಕವೇ ಕಂಪನಿಗಳ ಒಳಗೆ ನುಗ್ಗುತ್ತಿದ್ದಾರೆ, ಬಳಸದ ಕಡೆ ಅದನ್ನು ನಿಲ್ಲಿಸುವುದೇ ಒಳ್ಳೆಯದು ಎಂದು. ಹಾಗಾಗಿ ಕಂಪನಿ ಕೊಟ್ಟ ಲ್ಯಾಪ್‌ಟಾಪ್‌ನಲ್ಲಿ ನಿನ್ನೆ ನಡೆದದ್ದು ಇಂದು ನಡೆಯದೇ ಹೋಗಬಹುದು. ಇಂಟರ್ನೆಟ್ ಸಂಪರ್ಕವನ್ನು ಕಂಪನಿಯ ಜಾಲದ ಮೂಲಕ ಹಾಯಿಸುವ ವಿಪಿಎನ್ ಕೂಡ ಅಡ್ಡ ಬರಬಹುದು. ನಿಮ್ಮ ಸ್ವಂತ ಕಂಪ್ಯೂಟರ್‌ನಿಂದ ಒಮ್ಮೆ ಪ್ರಯತ್ನಿಸಿ. ಇಲ್ಲವೇ ಇನ್ನೊಬ್ಬ ಗೆಳೆಯರ ಕಂಪ್ಯೂಟರ್‌ಗೆ ಕನೆಕ್ಟ್ ಆಗಿ ನೋಡಿ. ಅದೂ ಆಗದಿದ್ದರೆ ತೊಂದರೆ ನಿಮ್ಮಲ್ಲೇ ಎಂದು ಐದು ನಿಮಿಷದಲ್ಲಿ ಗೊತ್ತಾಗುತ್ತದೆ.

ಮೈಕ್ರೋಸಾಫ್ಟ್ ಖಾತೆಯಿಂದ ಸೈನ್ ಇನ್ ಆಗಬೇಕಾದವರು ಸಹಾಯ ಮಾಡುವವರು, ಅಂದರೆ ನೀವು. ಅಮ್ಮನಿಗೆ ಅದು ಬೇಕಿಲ್ಲ. ಅವರ ಹತ್ತಿರ ಪಾಸ್‌ವರ್ಡ್ ಕೇಳುತ್ತಿದೆ ಎಂದರೆ ಅವರು ಮೇಲಿನ ಜಾಗ ಬಿಟ್ಟು ಕೆಳಗಿನ "ಹೆಲ್ಪ್ ಸಮ್‌ಒನ್" ಒತ್ತಿದ್ದಾರೆ ಅಷ್ಟೇ. ನೀವು ಕೊಟ್ಟ ಕೋಡ್‌ಗೆ ಆಯಸ್ಸು 10 ನಿಮಿಷ. ಅವರು ಕನ್ನಡಕ ಹುಡುಕಿ, ಕುರ್ಚಿ ಎಳೆದು ಕೂತ ಮೇಲೆಯೇ ಕೋಡ್ ತೆಗೆಯಿರಿ.

ಕ್ವಿಕ್ ಅಸಿಸ್ಟ್ ಅಲ್ಲದೆ ರಿಮೋಟ್ ಡೆಸ್ಕ್‌ಟಾಪ್ (ದೂರದ ಕಂಪ್ಯೂಟರ್‌ಗೆ ಯೂಸರ್‌ನೇಮ್, ಪಾಸ್‌ವರ್ಡ್ ಹಾಕಿ ಸೇರುವ ವಿಂಡೋಸ್‌ನ ಸೌಲಭ್ಯ) ಬಳಸುವ ಓದುಗರೂ ಇದೇ ಪ್ರಶ್ನೆ ಕೇಳುತ್ತಾರೆ. ಅವರಿಗೆ ಸ್ವಲ್ಪ ಬೇರೆ ಉತ್ತರ. ಅಲ್ಲಿ ಬರುವ ಸಂದೇಶವನ್ನು ಪೂರ್ತಿ ಓದಿ. "ಕಂಪ್ಯೂಟರ್ ಸಿಗುತ್ತಿಲ್ಲ" ಎಂಬ ಅರ್ಥದ ಸಂದೇಶ ಬಂದರೆ ನೀವು ಮನೆಯ ಬಾಗಿಲನ್ನೇ ಮುಟ್ಟಿಲ್ಲ. "ಯೂಸರ್‌ನೇಮ್ ಅಥವಾ ಪಾಸ್‌ವರ್ಡ್ ಸರಿಯಿಲ್ಲ" ಎಂದು ಬಂದರೆ ಬಾಗಿಲವರೆಗೆ ಬಂದಿದ್ದೀರಿ, ಚಿಲಕ ತೆಗೆದಿಲ್ಲ. ಎರಡಕ್ಕೂ ಮದ್ದು ಬೇರೆ.

ಬಾಗಿಲೇ ಸಿಗದಿದ್ದರೆ, ಕಂಪ್ಯೂಟರ್ ಸ್ಲೀಪ್ ಆಗಿದೆಯೇ, ಸೆಟ್ಟಿಂಗ್ಸ್‌ನಲ್ಲಿ ರಿಮೋಟ್ ಡೆಸ್ಕ್‌ಟಾಪ್ ಆನ್ ಇದೆಯೇ, ಮನೆಯ ವೈಫೈ "ಪಬ್ಲಿಕ್" ಎಂದು ಗುರುತಾಗಿದೆಯೇ ನೋಡಿ. ಮನೆಯದಾದರೆ "ಪ್ರೈವೇಟ್" ಇರಬೇಕು. ಅಂಗಡಿಯವರು ಅಪ್‌ಗ್ರೇಡ್ ಬದಲು ಎಲ್ಲ ಅಳಿಸಿ ಹೊಸದಾಗಿ ವಿಂಡೋಸ್ ಹಾಕಿದ್ದರೆ ಕಂಪ್ಯೂಟರ್‌ನ ಹೆಸರು ಬದಲಾಗಿರುತ್ತದೆ. ವಿಂಡೋಸ್‌ನ ಪ್ರೊ ಆವೃತ್ತಿ ಇದ್ದದ್ದು ಹೋಮ್ ಆಗಿರಲೂಬಹುದು. ಹೋಮ್ ಆವೃತ್ತಿಗೆ ಹೊರಗಿನಿಂದ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಸೇರಲು ಆಗುವುದಿಲ್ಲ.

ಚಿಲಕದ ತೊಂದರೆಗೆ ಬಹಳ ಸಲ ಕಾರಣ ಪಿನ್. ವಿಂಡೋಸ್ 11 ಹಾಕುವಾಗ ಕನಿಷ್ಠ ನಾಲ್ಕಂಕಿಯ ಪಿನ್ ಇಟ್ಟುಕೊಳ್ಳಿ ಎಂದು ಒತ್ತಾಯ ಮಾಡುತ್ತದೆ. ಆಮೇಲೆ ಎಲ್ಲರೂ ಅದನ್ನೇ ಹಾಕುತ್ತಾ ಪಾಸ್‌ವರ್ಡ್ ಮರೆಯುತ್ತಾರೆ. ಆ ಪಿನ್ ಆ ಕಂಪ್ಯೂಟರ್‌ಗೆ ಮಾತ್ರ ಸೇರಿದ್ದು, ದೂರದಿಂದ ಬರುವಾಗ ನಡೆಯುವುದಿಲ್ಲ. ಸೈನ್ ಇನ್ ಆಪ್ಷನ್ಸ್‌ನಲ್ಲಿ ವಿಂಡೋಸ್ ಹಲೋ (ಪಿನ್, ಮುಖ ಅಥವಾ ಬೆರಳಚ್ಚಿನಿಂದ ಒಳಗೆ ಹೋಗುವುದು) ಮಾತ್ರ ಸಾಕು ಎಂಬ ಒಂದು ಸ್ವಿಚ್ ಇದೆ. ಅದನ್ನು ಆಫ್ ಮಾಡಿ, ಸೈನ್ ಔಟ್ ಆಗಿ, ಆ ಕಂಪ್ಯೂಟರ್ ಎದುರಿಗೇ ಕೂತು ಒಮ್ಮೆ ಪೂರ್ತಿ ಪಾಸ್‌ವರ್ಡ್ ಹಾಕಿ ಒಳಗೆ ಹೋಗಬೇಕು. ಆಗ ಮಾತ್ರ ಆ ಕಂಪ್ಯೂಟರ್‌ಗೆ ನಿಮ್ಮ ಪಾಸ್‌ವರ್ಡ್ ಗುರುತು ಸಿಗುತ್ತದೆ. ಇನ್ನೊಂದು ಮಾತು: ಇದಕ್ಕಾಗಿ ಮನೆಯ ರೌಟರ್‌ನಲ್ಲಿ 3389ನೇ ಪೋರ್ಟನ್ನು, ಅಂದರೆ ರಿಮೋಟ್ ಡೆಸ್ಕ್‌ಟಾಪ್ ಬಳಸುವ ದಾರಿಯನ್ನು, ಇಂಟರ್ನೆಟ್‌ಗೆ ತೆರೆದಿಡಬೇಡಿ. ತೆರೆದ ಆ ಪೋರ್ಟನ್ನು ಹುಡುಕುತ್ತಾ ಇರುವವರು ಜಗತ್ತಿನ ತುಂಬ ಇದ್ದಾರೆ.

ಸಹಾಯ ಬೇಕಾದವರದು ಆ್ಯಪಲ್‌ನ ಮ್ಯಾಕ್ ಆದರೆ, ಅದು ಅಪ್‌ಗ್ರೇಡ್ ಆದ ಕೂಡಲೇ ಅದರ ಸೆಟ್ಟಿಂಗ್ಸ್‌ನ ಪ್ರೈವೆಸಿ ಆ್ಯಂಡ್ ಸೆಕ್ಯುರಿಟಿಯಲ್ಲಿ ಸ್ಕ್ರೀನ್ ರೆಕಾರ್ಡಿಂಗ್ ಮತ್ತು ಆ್ಯಕ್ಸೆಸಿಬಿಲಿಟಿ ಎರಡನ್ನೂ ನೋಡಿ. ಮೊದಲನೆಯದು ಇಲ್ಲದಿದ್ದರೆ ಪರದೆ ಕಾಣುವುದಿಲ್ಲ, ಎರಡನೆಯದು ಇಲ್ಲದಿದ್ದರೆ ಮೌಸ್ ಆಡುವುದಿಲ್ಲ. ಆನ್ ಎಂದು ತೋರಿಸಿಯೂ ಕೆಲಸ ಮಾಡದಿದ್ದರೆ ಆ್ಯಪ್ ಹೆಸರನ್ನು ಪಟ್ಟಿಯಿಂದ ತೆಗೆದು ಮತ್ತೆ ಸೇರಿಸಿ.

ಅಮ್ಮನಿಗೆ ಒಂದು ವಿಷಯವನ್ನು ಇವತ್ತೇ ಹೇಳಿ. ನಿಮ್ಮ ಕನೆಕ್ಷನ್ ಕೆಲಸ ಮಾಡದ ಈ ದಿನಗಳೇ ಅವರಿಗೆ ಅಪಾಯದ ದಿನಗಳು. ಮಗನಿಗೆ ತೊಂದರೆ ಕೊಡುವುದು ಬೇಡವೆಂದು ಅವರು ಗೂಗಲ್‌ನಲ್ಲಿ ಕಸ್ಟಮರ್ ಕೇರ್ ನಂಬರ್ ಹುಡುಕಬಹುದು. ಅಲ್ಲಿ ಸಿಗುವ ಎಷ್ಟೋ ನಂಬರ್‌ಗಳು ವಂಚಕರವು. ಅವರು ತುಂಬಾ ಮರ್ಯಾದೆಯಿಂದ ಮಾತಾಡುತ್ತಾರೆ, ಇದೇ ರೀತಿ ಒಂದು ಕೋಡ್ ಹಾಕಿಸುತ್ತಾರೆ, ಬ್ಯಾಂಕ್ ಖಾತೆ ತೆರೆಸುತ್ತಾರೆ. 2019ರ ಫೆಬ್ರವರಿಯಲ್ಲೇ ರಿಸರ್ವ್ ಬ್ಯಾಂಕ್ ಎನಿಡೆಸ್ಕ್ ಎಂಬ ಇಂಥದ್ದೇ ಆ್ಯಪ್ ಮೂಲಕ ನಡೆಯುವ ಇಂಥ ಮೋಸದ ಬಗ್ಗೆ ಬ್ಯಾಂಕುಗಳನ್ನು ಎಚ್ಚರಿಸಿತ್ತು. ಆ್ಯಪ್ ಕೆಟ್ಟದ್ದಲ್ಲ, ಕೋಡ್ ಕೊಡುವವರು ಯಾರು ಎನ್ನುವುದು ಮುಖ್ಯ. ನಿಮ್ಮ ಧ್ವನಿ ಫೋನಿನಲ್ಲಿ ಕೇಳದೆ ಯಾವ ಕೋಡ್ ಕೂಡ ಹಾಕಬಾರದು ಎಂದು ಅಮ್ಮನಿಂದ ಮಾತು ತೆಗೆದುಕೊಳ್ಳಿ. ದುಡ್ಡು ಹೋಗಿಯೇ ಬಿಟ್ಟರೆ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಬೇಕು. ಅಲ್ಲಿ ಒಂದೊಂದು ನಿಮಿಷವೂ ಲೆಕ್ಕಕ್ಕೆ ಬರುತ್ತದೆ.

ಇದನ್ನೆಲ್ಲ ಶನಿವಾರ ಮಾಡಿ. ಚಳಿಗಾಲದಲ್ಲಿ ನಿಮ್ಮ ಬೆಳಿಗ್ಗೆ 10 ಗಂಟೆ ಎಂದರೆ ಸಾಗರದಲ್ಲಿ ಮಧ್ಯಾಹ್ನ ಮೂರೂವರೆ. ಅಮ್ಮನ ಊಟ, ನಿದ್ದೆ ಎಲ್ಲ ಆಗಿರುತ್ತದೆ. ಮೊದಲು ವಾಟ್ಸಾಪ್ ವಿಡಿಯೋ ಕಾಲ್ ಮಾಡಿ, ಫೋನಿನ ಹಿಂದಿನ ಕ್ಯಾಮೆರಾವನ್ನು ಕಂಪ್ಯೂಟರ್ ಕಡೆ ತಿರುಗಿಸಲು ಹೇಳಿ. ಆ ಕಪ್ಪು ಪರದೆ ಬಂದಾಗ ಅಲ್ಲಿ ನಿಜವಾಗಿ ಏನಿದೆ ಎಂದು ನಿಮಗೇ ಕಾಣುತ್ತದೆ. ಗುಂಡಿಯ ಹೆಸರಿನ ಬದಲು ಜಾಗ ಹೇಳಿ: "ಕೆಳಗೆ, ಎಡಗಡೆ, ನೀಲಿ ಬಣ್ಣದ್ದು" ಎಂದರೆ ಅವರಿಗೆ ಬೇಗ ಸಿಗುತ್ತದೆ.

ಕನೆಕ್ಟ್ ಆದ ಮೇಲೆ ಬೇರೆ ಕೆಲಸಕ್ಕೆ ಹೋಗುವ ಮೊದಲು ಸೆಟ್ಟಿಂಗ್ಸ್, ಪರ್ಸನಲೈಸೇಷನ್, ಟಾಸ್ಕ್‌ಬಾರ್‌ಗೆ ಹೋಗಿ ಅಲೈನ್‌ಮೆಂಟ್ ಅನ್ನು "ಲೆಫ್ಟ್" ಮಾಡಿಬಿಡಿ. ವಿಂಡೋಸ್ 11 ಸ್ಟಾರ್ಟ್ ಗುಂಡಿಯನ್ನು ಮಧ್ಯಕ್ಕೆ ತಂದಿದೆ. ಅಮ್ಮ ಇಷ್ಟು ವರ್ಷ ಅದನ್ನು ಎಡ ಮೂಲೆಯಲ್ಲೇ ಒತ್ತಿದವರು.