ಟ್ರೇಲರ್‌ಗೆ ಸ್ಟೆಪ್ನಿ ಎಲ್ಲಿ ಕಟ್ಟಬೇಕು?

ಹೊಸ ಟ್ರೇಲರ್ ಮಾಡಿಸಲು ಬರುವ ರೈತರು ಪಾಟಿಯ (ಸುತ್ತಲಿನ ಗೋಡೆಯ) ಎತ್ತರ, ಆ್ಯಕ್ಸಲ್ಲಿನ ದಪ್ಪ, ಬಣ್ಣ ಎಲ್ಲವನ್ನೂ ನಿಂತು ಮಾತಾಡುತ್ತಾರೆ. ಸ್ಟೆಪ್ನಿ ವಿಷಯಕ್ಕೆ ಬಂದಾಗ ಮಾತ್ರ, "ಹಿಂದುಗಡೆ ಎಲ್ಲಾದರೂ ಒಂದು ಆಂಗಲ್ ಹೊಡೆದುಬಿಡಿ ಅಣ್ಣಾ" ಅಂದುಬಿಡುತ್ತಾರೆ. ಹಿಂದುಗಡೆಗೆ ನಾನು ಒಪ್ಪುವುದಿಲ್ಲ.

ಕಬ್ಬು ತುಂಬಿದ ಟ್ರೇಲರ್ ರಾತ್ರಿ ರಸ್ತೆಯಲ್ಲಿ ಹೋಗುವಾಗ ಹಿಂದಿನವರಿಗೆ ಕಾಣುವುದು ಕೆಂಪು ರಿಫ್ಲೆಕ್ಟರ್, ಲೈಟು ಅಷ್ಟೇ. ಅದನ್ನೇ ಚಕ್ರದಿಂದ ಮುಚ್ಚಿದರೆ ಒಬ್ಬ ಬೈಕ್ ಸವಾರನ ಜೀವಕ್ಕೆ ಕುತ್ತು. ಇನ್ನೊಂದು, ತೂಕ. 9.00-16 ಅಳತೆಯ ಟಯರು ಡಿಸ್ಕ್ ಸಮೇತ ಸುಮಾರು 60 ಕೆಜಿ ಬರುತ್ತದೆ. ಆ್ಯಕ್ಸಲ್‌ನಿಂದ ದೂರ ತೂಗುಬಿಟ್ಟರೆ ಪ್ರತಿ ಗುಂಡಿಗೂ ಅದು ಸುತ್ತಿಗೆಯ ಹಾಗೆ ಬ್ರಾಕೆಟ್ಟನ್ನು ಬಡಿಯುತ್ತದೆ.

ಹಾಗೆ ಬಡಿಸಿಕೊಂಡ ಟ್ರೇಲರ್ ಒಂದು ನಮ್ಮ ಶೆಡ್ಡಿಗೆ ಬಂದಿತ್ತು. ಬ್ರಾಕೆಟ್ ಗಟ್ಟಿಯಾಗಿಯೇ ಇತ್ತು. ವೆಲ್ಡಿಂಗಿನ ಅಂಚಿನಲ್ಲಿ ತುಕ್ಕಿನ ಸಣ್ಣ ಗೆರೆ ಕಂಡಿತು. ತಂತಿ ಬ್ರಷ್ಷಿನಿಂದ ಉಜ್ಜಿ, ಸೀಮೆಎಣ್ಣೆ ಸವರಿ, ಒರೆಸಿ, ಮೇಲೆ ಸೀಮೆಸುಣ್ಣ ತಿಕ್ಕಿದೆ. ಸ್ವಲ್ಪ ಹೊತ್ತಿಗೆ ಬಿಳುಪಿನ ನಡುವೆ ಕಪ್ಪು ಎಳೆಯೊಂದು ಜಿನುಗಿ ಬಂತು. ಬಿರುಕು ಚಾಸಿ ಚಾನಲ್ಲಿನ ಕೆಳಪಟ್ಟಿಗೇ ಇಳಿದಿತ್ತು. ಅಂದಿನಿಂದ ಚಾಸಿಗೆ ಬ್ರಾಕೆಟ್ ವೆಲ್ಡ್ ಮಾಡುವುದನ್ನು ಬಿಟ್ಟೆ. ಎರಡು ದಪ್ಪ ಪ್ಲೇಟು, 16 ಎಂಎಂ ಯು-ಬೋಲ್ಟು ಹಾಕಿ ಅಪ್ಪಿ ಹಿಡಿಸುತ್ತೇನೆ. ಜಾಗ ಸರಿಬರದಿದ್ದರೆ ಸಡಿಲಿಸಿ ಸರಿಸಲೂ ಆಗುತ್ತದೆ. ಮೊದಲ 50 ಕಿ.ಮೀ. ಓಡಿದ ಮೇಲೆ ನಟ್ಟುಗಳನ್ನು ಮತ್ತೊಮ್ಮೆ ಬಿಗಿ ಮಾಡಲೇಬೇಕು.

ಎರಡು ಚಕ್ರದ ಟ್ರೇಲರ್‌ಗೆ ಮುಂದಿನ ಪಾಟಿಯ ಹೊರಗಡೆ ಒಳ್ಳೆಯ ಜಾಗ. ಆದರೆ ಟ್ರ್ಯಾಕ್ಟರ್ ಕಟ್ಟಿ, ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ ನೋಡದೆ ಅಳತೆ ಗುರುತು ಹಾಕಬೇಡಿ. ಟ್ರ್ಯಾಕ್ಟರಿನ ದೊಡ್ಡ ಚಕ್ರಕ್ಕೂ ಸ್ಟೆಪ್ನಿಗೂ ನಡುವೆ ಒಂದು ಗೇಣಾದರೂ ಇರಬೇಕು. ಬದು ಹತ್ತಿ ಇಳಿಯುವಾಗ ಆ ಸಂದು ಇನ್ನೂ ಕಿರಿದಾಗುತ್ತದೆ. ಜಾಕಿ ಎತ್ತಿ ಮಣ್ಣು ಸುರಿಯುವ ಟ್ರೇಲರ್ ಆದರೆ ಸ್ಟೆಪ್ನಿ ಕೆಳಗಿನ ಫ್ರೇಮಿಗೇ ಇರಲಿ, ಮೇಲೇಳುವ ಡಬ್ಬಿಗೆ ಬೇಡ.

ನಾಲ್ಕು ಚಕ್ರದ್ದಕ್ಕೆ ಎರಡು ಆ್ಯಕ್ಸಲ್ಲುಗಳ ನಡುವೆ, ಎಡಬದಿಗೆ. ರಸ್ತೆಯ ಅಂಚಿನಲ್ಲಿ ನಿಂತು ಬಿಚ್ಚುವವನು ಓಡಾಡುವ ಗಾಡಿಗಳಿಗೆ ಬೆನ್ನು ಕೊಡಬೇಕಾಗಿಲ್ಲ. ಚಾಸಿಯ ಅಡಿಯಲ್ಲಿ ಚೈನಿಗೆ ತೂಗುಹಾಕುವುದು ನನಗೆ ಇಷ್ಟವಿಲ್ಲ. ಪಂಕ್ಚರ್ ಆದಾಗ ಲೋಡು ವಾಲಿ ಅಲ್ಲಿಗೆ ಕೈಯೇ ಹೋಗುವುದಿಲ್ಲ, ಚೈನು ಕೆಸರು ಹಿಡಿದು ಕಚ್ಚಿರುತ್ತದೆ.

ಅಳತೆಗೆ ನಿಮ್ಮದೇ ಚಕ್ರ ತನ್ನಿ. ಡಿಸ್ಕಿನ ತೂತುಗಳ ಅಂತರ ಎಲ್ಲದಕ್ಕೂ ಒಂದೇ ಇರುವುದಿಲ್ಲ. ಎದುರುಬದುರಾಗಿ ಕನಿಷ್ಠ ಎರಡು ಸ್ಟಡ್ಡು ಬೇಕು, ನಡುವಿನ ಒಂದೇ ಬೋಲ್ಟಿಗೆ ಬಿಟ್ಟರೆ ಚಕ್ರ ಅಲುಗಾಡಿ ತೂತು ತಿನ್ನುತ್ತದೆ. ವಾಲ್ವ್ ಹೊರಮುಖವಾಗಿದ್ದರೆ ಬಿಚ್ಚದೆಯೇ ಗಾಳಿ ನೋಡಬಹುದು. ಚಕ್ರದ ಕೆಳ ಅಂಚು ಮೊಣಕಾಲಿಗಿಂತ ಮೇಲೆ ಬೇಡ.

ಟ್ರೇಲರ್ ಕೊಡುವ ಮುಂಚೆ ಓಡಿಸುವವರ ಕೈಯಲ್ಲೇ ಸ್ಟೆಪ್ನಿ ಇಳಿಸಿ ಹತ್ತಿಸುತ್ತೇನೆ, ಒಬ್ಬರೇ, ಅವರದೇ ಚಕ್ರದ ಪಾನಾ ಹಿಡಿದು. ಪಾನಾ ಕೂರದಿದ್ದರೆ ಆ ನಟ್ಟುಗಳನ್ನು ಅಲ್ಲೇ ಬದಲಾಯಿಸುತ್ತೇನೆ.